ಡಾಕ್ಟರ ದನಿಯಲ್ಲಿ ತರಿಸಿದ ಲಾಕು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನನಗಿಂತ ಚೆನ್ನಾಗಿ ಹೇಳುವವರು ಶಿರಸಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಲ್ಲಿನ ಡಾಕ್ಟರ ದನಿ ತೆಗೆದು, ಬೆಂಗಳೂರಿನ ಅಂಗಡಿಗೆ ಫೋನು ಮಾಡಿ, ಅವರು ಹೇಳಿಟ್ಟಿದ್ದ ಸಾಮಾನಿನ ಬದಲು ನನಗೆ ಬೇಕಾದದ್ದನ್ನು ತರಿಸಿದವನು ನಾನು.

ಮೊನ್ನೆ ಅಕ್ಕನ ಮಗಳಿಗೆ ಹಲ್ಲುನೋವು. ಅಕ್ಕ ಹತ್ತಿಯನ್ನು ಲವಂಗದ ಎಣ್ಣೆಯಲ್ಲಿ ಅದ್ದಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡಾಕ್ಟರ ಆ ಸಣ್ಣ ಕೋಣೆ, ಮೇಲಿನ ದೀಪ, ಔಷಧಿ ಕಪಾಟಿನ ಮೇಲಿದ್ದ ಕೆಂಪು ಕಾರು... ಎಲ್ಲ ಒಟ್ಟಿಗೇ ಬಂದವು.

ಆ ಕೋಣೆಯ ಹಲ್ಲಿನ ಕುರ್ಚಿಯಲ್ಲಿ ಮೊದಲ ಸಲ ಮಲಗಿದಾಗ ನಾನು ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ಅಭಿಪ್ರಾಯ. ನನ್ನ ನಿಜವಾದ ಕಸುಬು ಕಂಡವರ ದನಿ ತೆಗೆಯುವುದು, ಅವರ ಹಾಗೆಯೇ ಮಾತಾಡಿ ತೋರಿಸುವುದು. ಪ್ರಿನ್ಸಿಪಾಲರು, ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವವನು, ಸಿಟ್ಟು ಬಂದಾಗ ಕೆಮ್ಮುವ ನಮ್ಮಪ್ಪ, ಯಾರನ್ನೂ ಬಿಟ್ಟವನಲ್ಲ. ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿದ್ದರಿಂದ ಆವತ್ತು ಊರಿಗೆ ಸ್ವಲ್ಪ ಹೊತ್ತು ನೆಮ್ಮದಿ ಸಿಕ್ಕಿತು.

ಕಪಾಟಿನ ಮೇಲಿನ ಕಾರು ಆಟಿಕೆಯಲ್ಲ. ಮೊಣಕೈಯಷ್ಟು ಉದ್ದ, ಬ್ಯಾಟರಿಯ ಮೋಟಾರು, ನಾಲ್ಕೂ ಗಾಲಿಗೆ ಎಳೆತ, ಕೈಯಲ್ಲಿ ರಿಮೋಟು. ಡಾಕ್ಟರ ಭಾವ ಹೊರದೇಶದಿಂದ ತಂದದ್ದು. ಆ ಹುಚ್ಚು ನಮಗೂ ಹತ್ತಿತು. ಶಿರಸಿಯಲ್ಲಿ ನಾವೊಂದಿಬ್ಬರು, ಸಿದ್ದಾಪುರದಲ್ಲೊಬ್ಬ, ಯಲ್ಲಾಪುರದಲ್ಲಿ ಬ್ಯಾಟರಿ ಅಂಗಡಿಯವರೊಬ್ಬರು. ವರ್ಷವೂ ಚಳಿಗಾಲದಲ್ಲಿ ಒಂದು ಭಾನುವಾರ ಸಿದ್ದಾಪುರದ ಅಕ್ಕಿ ಗಿರಣಿಯ ಸಿಮೆಂಟು ಅಂಗಳದಲ್ಲಿ ಹಳೇ ಸೈಕಲ್ ಟಯರುಗಳನ್ನಿಟ್ಟು ದಾರಿ ಮಾಡಿ ರೇಸು. ಡಾಕ್ಟರು ಒಂದು ಸಲವೂ ಕೊನೆ ಮುಟ್ಟಿರಲಿಲ್ಲ. ತಿರುವಿನಲ್ಲಿ ಅವರ ಕಾರು ಮೈ ನಡುಗಿಸಿಕೊಂಡು ಬುಗುರಿಯ ಹಾಗೆ ತಿರುಗಿ ಟಯರಿಗೆ ಗುದ್ದುತ್ತಿತ್ತು.

ಆ ವರ್ಷದ ರೇಸಿಗೆ ಮುಂಭಾಗದ ಡಿಫರೆನ್ಷಿಯಲ್ ಬದಲಿಸುವುದೆಂದಾಯಿತು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ; ಹಾಗೆ ಬೇರೆಬೇರೆ ಓಡಲು ಬಿಡುವುದು ಅದರ ಕೆಲಸ. ಕಾರಿನ ಜೊತೆ ಬಂದ ಪ್ಲಾಸ್ಟಿಕ್ಕಿನದು ಸವೆದಿತ್ತು. ಡಾಕ್ಟರಿಗೆ ಬೇಕಾದದ್ದು ಬಾಲ್ ಡಿಫ್: ಒಳಗೆ ಸಾಸಿವೆಯಂಥ ಉಕ್ಕಿನ ಗುಂಡುಗಳು, ಬೆಣ್ಣೆಯ ಹಾಗೆ ನುಣ್ಣಗೆ ಕೆಲಸ ಮಾಡುವಂಥದ್ದು. ನನಗೆ ಅದು ಮುದುಕರ ಸಾಮಾನು ಅನಿಸಿತು. ಮುಂದಿನ ಎರಡೂ ಗಾಲಿಗಳನ್ನು ಒಂದೇ ಅಚ್ಚಿಗೆ ಬಿಗಿದುಬಿಡುವ ಗಟ್ಟಿ ತುಂಡೊಂದಿತ್ತು, ನಮ್ಮ ಬಾಯಲ್ಲಿ ಅದು ಲಾಕು. ಯಲ್ಲಾಪುರದವರ ಕಾರಿಗೆ ಅದಿತ್ತು. ತಿರುವು ಮುಗಿದದ್ದೇ ಹಗ್ಗ ಬಿಚ್ಚಿದ ಹೋರಿಯಂತೆ ನುಗ್ಗುತ್ತಿತ್ತು. ಡಾಕ್ಟರ ಕಾರಿಗೂ ಅದೇ ಆಗಬೇಕೆಂದು ನನ್ನ ಹಟ.

ಡಾಕ್ಟರು ಮಧ್ಯಾಹ್ನ ನನ್ನೆದುರೇ ಫೋನು ಮಾಡಿ ಬಾಲ್ ಡಿಫ್ ಹೇಳಿದರು. ಸಂಜೆ ನಾನು ಎಸ್ಟಿಡಿ ಬೂತಿನಿಂದ, ಅವರ ಹಾಗೆಯೇ ಗಂಟಲು ಸರಿಮಾಡಿಕೊಂಡು, ಅದು ಬೇಡ, ಲಾಕು ಕಳಿಸಿ ಎಂದೆ. ಅಂಗಡಿಯವನು ಬಹಳ ಗೌರವದಿಂದ ಆಗಲಿ ಸರ್ ಎಂದ. ನನ್ನನ್ನು ಸರ್ ಎಂದ ಮೊದಲ ಮನುಷ್ಯ ಅವನೇ.

ಸಾಮಾನು ರಾತ್ರಿ ಬಸ್ಸಿನಲ್ಲಿ ಬಂತು. ರೇಸಿಗೆ ಇನ್ನು ಎರಡೇ ದಿನ. ಡಾಕ್ಟರು ಡಬ್ಬಿ ಬಿಚ್ಚಿದರು, ನೋಡಿದರು, ಫೋನಿಗೆ ಕೈ ಹಾಕಿದರು. ಪಾಪದ ಅಂಗಡಿಯವನಿಗೆ ಬೈಗುಳ ಬೀಳುವುದಿತ್ತು. ನಿಮ್ಮ ದನಿಯಲ್ಲಿ ಫೋನು ಮಾಡಿದ್ದು ಆನೇ ಎಂದು ತಪ್ಪು ಒಪ್ಪಿಕೊಂಡುಬಿಟ್ಟೆ.

ಫೋನು ಕೆಳಗಿಟ್ಟರು. "ಎನ್ನ ದನಿಯಲ್ಲಿ ಮಾಡಿದ್ಯ? ಹೆಂಗೆ, ಮಾಡು ನೋಡನ."

ಮಾಡಿದೆ. ಗಂಟಲು, ಎಳೆತ, ನಡುವೆ ನಿಲ್ಲಿಸುವುದು, ಎಲ್ಲ. ರೂಢಿಯ ಬಲದಿಂದ ಕೈಯೂ ಬಂತು. ರಿಮೋಟು ಹಿಡಿದಾಗ ಅವರ ಬೆರಳು ನಡುಗುವುದನ್ನು ರೇಸಿನ ಪುಕ್ಕಲು ಎಂದುಕೊಂಡು ಗೆಳೆಯರ ಮುಂದೆ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಹೆಚ್ಚು ನಗುತ್ತಿದ್ದದ್ದು ಅದಕ್ಕೇ. ಆದರೆ ಈಗ ಎದುರಿನ ಮೇಜಿನ ಮೇಲೆ ಅವರ ಕೈ ಅದೇ ತಾಳದಲ್ಲಿ ನಡುಗುತ್ತಿತ್ತು. ಹತ್ತಿರ ರಿಮೋಟೂ ಇರಲಿಲ್ಲ, ರೇಸೂ ಇರಲಿಲ್ಲ...

ಹುಳುಕು ಹಲ್ಲು ನೋಡುವ ಹಾಗೆ ಅವರು ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

"ಸಮಾ ಮಾಡ್ತೆ ನೀನು. ಬಲಗೈ ಅಷ್ಟೇಯ. ಎಡಗೈಗೆ ಇನ್ನೂ ಬೈಂದಿಲ್ಲೆ."

ಆಮೇಲೆ ಅವರೇ ಹೇಳಿದರು. ಅದು ಕಾಯಿಲೆ, ವಾಸಿಯಾಗುವಂಥದ್ದಲ್ಲ. ಹಲ್ಲು ಕೀಳುವುದನ್ನು ಬಿಟ್ಟು ಬರಿದೇ ನೋಡಿ ಬೇರೆಯವರ ಹತ್ತಿರ ಕಳಿಸುತ್ತಿದ್ದದ್ದು ಅದಕ್ಕೇ. ರಿಮೋಟಿನಲ್ಲಿ ಸ್ಟೇರಿಂಗು ತಿರುಗಿಸುವುದು ಬಲಗೈ; ಬೆರಳು ನಡುಗಿದರೆ ಕಾರೂ ನಡುಗುತ್ತದೆ. ಎಡಗೈಗೂ ಬರುವುದರೊಳಗೆ ಒಂದು ರೇಸನ್ನು ತನ್ನ ಕೈಯಲ್ಲೇ ಪೂರ್ತಿ ಓಡಿಸಬೇಕು, ಅಷ್ಟೇ ಅವರ ಆಸೆ. ನುಣ್ಣಗಿನ ಬಾಲ್ ಡಿಫ್ ಇದ್ದರೆ ಆದೀತು ಎಂದುಕೊಂಡಿದ್ದರು.

ಇವತ್ತೇ ಬೆಂಗಳೂರಿಗೆ ಹೋಗಿ ಬದಲಿಸಿ ತರುತ್ತೇನೆಂದೆ. ಬಂದದ್ದನ್ನೇ ಹಾಕಿ ನೋಡೋಣ ಎಂದರು. ಅವರು ಹೇಳುತ್ತಾ ಹೋದರು, ನಾನು ಸ್ಕ್ರೂ ತಿರುಗಿಸಿದೆ. ಇಡೀ ಸಂಜೆ ನಾನು ಯಾರ ದನಿಯನ್ನೂ ತೆಗೆಯಲಿಲ್ಲ.

ಕ್ಲಿನಿಕ್ಕಿನ ಹಿಂದಿನ ಅಂಗಳದಲ್ಲಿ ಕಾರು ಬಿಟ್ಟಾಗ ಇಬ್ಬರಿಗೂ ಆಶ್ಚರ್ಯ. ಲಾಕು ಹಾಕಿದ ಕಾರು ತಿರುವಿಗೆ ಇಳಿಯುವಾಗ ಮಂದವಾಗಿತ್ತು. ತಿರುಗು ಎಂದರೆ ಒಂದು ಕ್ಷಣ ಯೋಚಿಸಿ ತಿರುಗುತ್ತಿತ್ತು. ಅಷ್ಟರಲ್ಲಿ ಬೆರಳಿನ ನಡುಕ ಬಂದು ಹೋಗಿರುತ್ತಿತ್ತು. ಒಂದೇ ಭಯ: ಆತುರಪಟ್ಟರೆ ಗಾಲಿಗೆ ಶಕ್ತಿ ಒಯ್ಯುವ ತೆಳ್ಳಗಿನ ಕಡ್ಡಿಗಳು ಲಾಕಿನ ಪೆಟ್ಟಿಗೆ ಮುರಿಯುತ್ತವೆ. ಡಾಕ್ಟರು ಆತುರಪಡುವ ಜಾತಿಯಲ್ಲ.

ಭಾನುವಾರ ಗಿರಣಿಯ ಅಂಗಳದಲ್ಲಿ ನಾಲ್ಕು ಕಾರು ಓಡಿದವು. ಡಾಕ್ಟರು ಮೂರನೆಯವರಾಗಿ ಗೆರೆ ದಾಟಿದರು. ನಾಲ್ಕನೆಯದು ನನ್ನದು, ನುಗ್ಗಿಸಲು ಹೋಗಿ ಅರ್ಧದಲ್ಲೇ ಗಾಲಿ ಕಳಚಿಕೊಂಡು, ಡಾಕ್ಟರ ಕಾರು ಸುತ್ತಿ ಸುತ್ತಿ ಬರುವುದನ್ನು ಟಯರಿನ ಬದಿಯಲ್ಲಿ ಮಲಗಿ ನೋಡುತ್ತಿತ್ತು. ಗೆದ್ದವರು ಯಲ್ಲಾಪುರದವರು, ಮೂಲ ಹಾವೇರಿ ಕಡೆಯವರು. ಬಂದು ಡಾಕ್ಟರ ನಡುಗುವ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿಮ್ಮ ಗಾಡಿ ನಿಧಾನ ಐತ್ರಿ, ಆದ್ರ ಒಂದ್ ಸಲಾನೂ ದಾರಿ ತಪ್ಪಲಿಲ್ಲ ನೋಡ್ರಿ."

ಮುಂದೆ ಎಡಗೈಗೂ ಬಂತು. ರಿಮೋಟು ಬಿಟ್ಟರು, ಅಂಗಳ ಬಿಡಲಿಲ್ಲ. ಕುರ್ಚಿ ಹಾಕಿಕೊಂಡು ಕೂತು, ಯಾರ ಕಾರಿಗೆ ಯಾವ ಗೇರು, ಎಲ್ಲಿ ಬೇರಿಂಗು ಎಂದು ಹೇಳುತ್ತಿದ್ದರು. ಅವರು ಹೋಗಿ ಎರಡು ಮಳೆಗಾಲ ಕಳೆದವು. ಈಗ ನಮ್ಮ ಭಾನುವಾರದ ಗುಂಪು ದೊಡ್ಡದಾಗಿದೆ, ವಾನಳ್ಳಿಯಿಂದ ಅಕ್ಕ ತಂಗಿ ಇಬ್ಬರು ಬರುತ್ತಾರೆ, ನಮ್ಮೆಲ್ಲರನ್ನೂ ಸೋಲಿಸುತ್ತಾರೆ. ಯಾವ ಸಾಮಾನು ತರಿಸಲಿ ಎಂದು ಹೊಸಬರು ಕೇಳಿದರೆ ನಾನು ಮೊದಲು ಅವರ ಕೈಗೆ ರಿಮೋಟು ಕೊಟ್ಟು ಕೈ ನೋಡುತ್ತೇನೆ, ಕಾರು ಆಮೇಲೆ. ಹಳಬರು ಡಾಕ್ಟರ ದನಿ ತೆಗೆಯೋ ಅಂತಾರೆ. ತೆಗೆಯುತ್ತೇನೆ... ಆದರೆ ಸರಿಯಾಯಿತೋ ಇಲ್ಲವೋ ಎಂದು ಹೇಳುವವರಿಲ್ಲ.

ಲಾಕಿನ ಕಥೆ ಹೇಳುವಾಗ ಇವತ್ತಿಗೂ ಆ ಕೀರ್ತಿಯನ್ನು ಹೊಡೆದುಕೊಳ್ಳಲು ನಾಲಗೆ ತುರಿಸುತ್ತದೆ. ಆವತ್ತೂ ತುರಿಸಿತ್ತು. ರೇಸು ಮುಗಿಸಿ ಗಿರಣಿಯ ಗೇಟು ದಾಟುವಾಗ, ಡಾಕ್ಟ್ರೇ, ಆನು ತಪ್ಪು ತರಿಸಿದ್ದಕ್ಕೇ ಅಲ್ದಾ ಇವತ್ತು ಕೊನೆ ಮುಟ್ಟಿದ್ದು ಎಂದು ಎದೆಯುಬ್ಬಿಸಿದ್ದೆ. ಡಾಕ್ಟರು ಕಾರನ್ನು ಎಡಗೈಯಲ್ಲಿ ಕಂಕುಳಿಗೆ ಒತ್ತಿಕೊಂಡು, ನನ್ನ ಕಡೆ ತಿರುಗದೆ ಹೇಳಿದರು:

"ತಪ್ಪಿ ಬೇರೆ ಹಲ್ಲು ಕಿತ್ತಮೇಲೂ ನೋವು ಹೋತು ಹೇಳಿ ಡಾಕ್ಟ್ರಿಗೆ ಯಾರೂ ಹಾರ ಹಾಕ್ತ್ವಿಲ್ಲೆ, ತಮಾ."