ಬಸುರಿಯ ಬಾಯಿ

ಹಲ್ಲುಜ್ಜಿದ ನೊರೆ ಬೆಳ್ಳಗಿರಬೇಕು ಎಂಬುದು ಸೃಷ್ಟಿಯ ಅತಿ ಸಣ್ಣ ನಿಯಮಗಳಲ್ಲೊಂದು. ಐದನೆಯ ತಿಂಗಳಲ್ಲಿ ನನ್ನ ನೊರೆ ಕುಂಕುಮದ ಬಣ್ಣಕ್ಕೆ ತಿರುಗಿದಾಗ ಆ ನಿಯಮಭಂಗದ ಅಪರಾಧಿ ನಾನೇ ಎಂದು ಮನೆಮಂದಿಯೆಲ್ಲ ತೀರ್ಮಾನಿಸಿಬಿಟ್ಟರು. ಸಂಜಯನಗರದ ನಮ್ಮ ಮನೆಗೆ ಹೂ ಮುಡಿಸಲು ಬಂದಿದ್ದ ಗಂಡನ ಸೋದರತ್ತೆಯಂತೂ, ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡದ್ದನ್ನು ಕಂಡು ನೆಂಟರೆದುರೇ ಕೇಳಿದರು: "ಅಲ್ಲ ಕಣಮ್ಮ, ದಿನಾ ಹಲ್ಲುಜ್ತೀಯ ತಾನೆ?"

ಕಾಲೇಜಿನಲ್ಲಿ ಛಂದಸ್ಸು ಪಾಠ ಮಾಡುವವಳು ನಾನು. ಗುರು ಲಘುಗಳನ್ನು ನಿರರ್ಗಳವಾಗಿ ಎಣಿಸುವ ಈ ಬಾಯಿಯನ್ನು ಅಂದು ಕರವಸ್ತ್ರದಿಂದ ಮುಚ್ಚಿಕೊಂಡೇ ನೆಂಟರಿಗೆಲ್ಲ ಕಾಫಿ ಹಂಚಿದೆ.

ಮರುದಿನ ಹತ್ತಿರದ ದಂತವೈದ್ಯರಲ್ಲಿಗೆ ಹೋದೆ. ಆ ಮಹಾನುಭಾವರು ನನ್ನ ಬಾಯಿಯನ್ನು ನೋಡಲೇ ಇಲ್ಲ, ಹೊಟ್ಟೆಯನ್ನು ನೋಡಿದರು. "ಹೆರಿಗೆ ಆಗ್ಲಿ ಮೇಡಂ, ಆಮೇಲೆ ಬನ್ನಿ. ರಿಸ್ಕ್ ಬೇಡ." ಅಲ್ಲಿಯತನಕ ಏನನ್ನು ಅಗಿಯಲಿ ಎಂದು ಕೇಳುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಮನೆಗೆ ಬಂದು ಕೂಗಾಡಿದೆ. "ಸಿಟ್ಟು ಮಾಡ್ಕೋಬೇಡ, ಮಗೂಗೆ ಒಳ್ಳೇದಲ್ಲ" ಅಂದರು ಗಂಡ. ಊದಿದ ಒಸಡು ನನ್ನದು, ಸುರಿಯುವ ರಕ್ತ ನನ್ನದು. ಸಿಟ್ಟಿಗೆ ಮಾತ್ರ ನನಗೆ ಹಕ್ಕಿಲ್ಲವೆಂದರೆ, ಹೇಳಿ ಓದುಗರೇ, ಈ ದೇಹದಲ್ಲಿ ನಾನೇನು ಬಾಡಿಗೆಗಿದ್ದೆನೇ?

ವಾರವಿಡೀ ಗಂಜಿ ಕುಡಿದು, ಶನಿವಾರ ಅವರನ್ನೂ ಎಳೆದುಕೊಂಡು ಆರ್.ಟಿ. ನಗರದ ಇನ್ನೊಬ್ಬ ವೈದ್ಯೆಯ ಬಳಿ ಹೋದೆ. ಆಕೆ ಬಾಯಿ ತೆರೆಸಿ, ದೀಪ ಹಾಕಿ, ಸಾವಧಾನವಾಗಿ ನೋಡಿದರು. "ಈ ಸೂಕ್ಷ್ಮಜೀವಿಗಳು ಹೊಸದಾಗಿ ಬಂದವಲ್ಲ, ಮೊದಲಿಂದ್ಲೂ ನಿಮ್ಮ ಬಾಯಲ್ಲೇ ಇದ್ದಂಥವು. ಬಸುರಲ್ಲಿ ಹಾರ್ಮೋನ್ ಏರಿದಾಗ ಕೆಲವು ಜಾಸ್ತಿ ಆಗ್ತವೆ, ಒಸಡೂ ಬೇಗ ಕೆರಳತ್ತೆ. ತುಂಬಾ ಜನಕ್ಕೆ ಹೀಗಾಗತ್ತೆ. ಈಗ ಕ್ಲೀನ್ ಮಾಡ್ಸೋಕೆ ಭಯ ಬೇಡ, ಹಾಗೇ ಬಿಟ್ರೇನೇ ಕಷ್ಟ."

ನನ್ನ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ಹುಟ್ಟಿದಾಗಿನಿಂದ ನನ್ನೊಡನೆ ಬಾಳಿದ ಆ ಅಗೋಚರ ಪ್ರಜೆಗಳು ಕಾಲಕ್ಕೆ ತಕ್ಕಂತೆ ಬಲಾಬಲ ಬದಲಿಸಿಕೊಂಡಿದ್ದವು, ಅಷ್ಟೇ. ನನ್ನನ್ನು ಕೊಳಕಿ ಎಂದದ್ದು ಅವಲ್ಲ.

ಅಂದೇ ಕ್ಲೀನ್ ಮಾಡಿಸಿಕೊಂಡೆ. ಮುಂದಿನ ವಾರ ಮತ್ತೆ ತೋರಿಸಿಕೊಂಡು ಬರುವಾಗ ರಕ್ತ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಬಸ್ಸಿನಲ್ಲಿ ಗಂಡ ಮೆಲ್ಲಗೆ ಕೇಳಿದರು: "ಈಗ ಸಿಟ್ಟು ಇಳೀತಾ?"

"ರಕ್ತ ನಿಂತಿದೆ ಕಣ್ರೀ, ಸಿಟ್ಟು ನಿಂತಿಲ್ಲ. ನಿಮ್ಮ ಸೋದರತ್ತೆಗೆ ಫೋನ್ ಮಾಡಿ. ಈಗ್ಲೇ."

ಮಾಡಿದರು. ಅತ್ತೆಗೆ ಕಿವಿ ಸ್ವಲ್ಪ ಮಂದ. ಅದರ ಮೇಲೆ ಹೆಬ್ಬಾಳದ ಟ್ರಾಫಿಕ್ಕಿನ ಹಾರ್ನು. ಪಿಸುಮಾತಿನಲ್ಲಿ ಶುರುವಾದದ್ದು ಕಡೆಗೆ ಘೋಷಣೆಯಾಯಿತು: "ಅತ್ತೇ, ಇವಳು ದಿನಾ ಎರಡು ಸಲ ಹಲ್ಲುಜ್ತಾಳೆ!"

ಬಸ್ಸಿಗೆ ಬಸ್ಸೇ ನಮ್ಮತ್ತ ತಿರುಗಿತು. ನಾನು ತಲೆ ತಗ್ಗಿಸಲಿಲ್ಲ. ಕರವಸ್ತ್ರವಿಲ್ಲದೆ, ಒಸಡು ಕಾಣುವಷ್ಟು ಅಗಲವಾಗಿ, ಅಷ್ಟೂ ಜನರಿಗೆ ಹಲ್ಲು ಕಿರಿದೆ.