ಕುಬೇರ ಓದಿ ಹೇಳಿದ ಆಟ

ಮುಂಡಗೋಡದ ಬಸ್ ಸ್ಟ್ಯಾಂಡ್ ಹತ್ತಿರದ ತನ್ನ ಟೈಪಿಂಗ್ ಅಂಗಡಿಯನ್ನು ಕುಬೇರ ಮುಚ್ಚಿದ್ದು ೨೦೦೫ರ ದೀಪಾವಳಿಯ ನಂತರ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್, ಉಳಿದ ದಿನ ಮಂಚ. ದಿನಕ್ಕಿಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರಿಂದ ಹೆಂಡತಿ ಮಾಯಾ ಬೆಳಿಗ್ಗೆಯೇ ಅಳೆದು ಬಾಟಲಿಗೆ ತುಂಬಿಡುತ್ತಿದ್ದಳು. ಕದ್ದು ಕುಡಿದಾನೆಂದು ಕೊಡವನ್ನು ನೆರೆಮನೆಯಲ್ಲಿ ಇಟ್ಟಿದ್ದಳು.

ಅಂಗಡಿಯಿಂದ ಮನೆಗೆ ಬಂದ ಕಂಪ್ಯೂಟರಿನಲ್ಲಿ ಒಂದು ಆಟವಿತ್ತು. ಅದರಲ್ಲಿ ಓಡುವುದಿಲ್ಲ, ಹೊಡೆಯುವುದಿಲ್ಲ. ಚಿತ್ರ ಬರುತ್ತದೆ, ಕೆಳಗೆ ಇಂಗ್ಲಿಷಿನಲ್ಲಿ ಮಾತು ಬರುತ್ತದೆ. ಒಬ್ಬ ಹುಡುಗಿ, ಅವಳನ್ನು ಮೆಚ್ಚಿದ ಇಬ್ಬರು ಗಂಡಸರು. ನಡುನಡುವೆ ಕಥೆ ನಿಂತು, ಈಗ ಅವಳು ಏನು ಮಾಡಬೇಕು ಎಂದು ಕೇಳುತ್ತದೆ. ಒಂದು ಒತ್ತಿದರೆ ಒಂದು ದಾರಿ, ಎರಡು ಒತ್ತಿದರೆ ಬೇರೆ. ಮಾಯಾಗೆ ಇಂಗ್ಲಿಷ್ ಬಾರದು. ಕುಬೇರ ಓದಿ ಹೇಳುವನು, ಅವಳು ಕೂಸಿಗೆ ಹಾಲು ಕುಡಿಸುತ್ತಲೇ ಒತ್ತುವಳು.

ಒಮ್ಮೆ ಹುಡುಗ ಹುಡುಗಿ ತಬ್ಬಿ ಮುತ್ತಿಡುವ ಚಿತ್ರ ಬಂತು.

"ಥೂ, ಕೂಸು ನೋಡತೈತ್ರೀ!"

"ಎಂಟು ತಿಂಗಳ ಕೂಸಿಗೆ ಏನ್ ತಿಳೀತೈತಿ? ಬೆರಳ ಸಂದ್ಯಾಗಿಂದ ನೋಡಾಕತ್ತಾಕಿ ನೀನು."

ಬರಬರುತ್ತ ಕಥೆ ತಿರುಗಿತು. ಹುಡುಗಿ ಒಲಿದವನು ಹಾಸಿಗೆ ಹಿಡಿದನಂತೆ.

"ನಗಾಕತ್ತಾನಲ್ರೀ, ರೋಗಿ ಹಂಗ ಕಾಣಂಗಿಲ್ಲ."

"ಹೆಂಡ್ತಿ ಮುಂದ ಹಂಗ ಇರಬೇಕಾಗತೈತಿ," ಎಂದು ಕುಬೇರ ಮುಂದೆ ಓದಿದ. "ಅಂವ ಸತ್ತ ಮ್ಯಾಲೆ ಆಕಿ ಏನ್ ಮಾಡಬೇಕು? ಒಂದು, ಒಬ್ಬಾಕಿನ ಇರೂದು. ಎರಡು, ಇನ್ನೊಬ್ಬನ ಜೋಡಿ ಉಡಿಕಿ ಆಗೂದು."

ಗಂಡ ಹೋದವಳು ಮತ್ತೊಬ್ಬನ ಕೈ ಹಿಡಿಯುವ ಉಡಿಕಿ ಅವರ ಕೇರಿಗೆ ಹೊಸದಲ್ಲ.

"ಆ ದೇಶದಾಗೂ ಉಡಿಕಿ ಐತೇನ್ರೀ?"

"ಎಲ್ಲಾ ಕಡೆ ಐತಿ."

ಮಾಯಾ ಒಂದು ಒತ್ತಿದಳು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ಅವನು, "ಒಂದು ಒತ್ತಿದರ ಕಥಿ ಮುಂದ ಹೋಗಂಗಿಲ್ಲ" ಎಂದ. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ಅವಳು ಎರಡು ಒತ್ತಿ ಎದ್ದು ಹೋದಳು. ಆ ಮಧ್ಯಾಹ್ನ ಕುಬೇರನಿಗೆ ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಹತ್ತಿತು.

ಸಂತೆಯ ದಿನ ಅವನ ತಂಗಿ ಕಾಜಲ್ ಬಂದಳು. ಕಾಲೇಜು ಓದುವವಳು. ಅಣ್ಣ ಮಲಗಿದ್ದ.

"ಈ ರೋಗಿಷ್ಟ ಮನಶ್ಯಾ ಉಳೀತಾನೋ ಇಲ್ಲೋ, ಒಂಚೂರು ಓದಿ ಹೇಳವ್ವಾ," ಎಂದಳು ಮಾಯಾ, ಆಟ ಹಚ್ಚಿ.

ಕಾಜಲ್ ಹಿಂದೆ ಮುಂದೆ ಓದಿದಳು. "ವೈನಿ, ಇದರಾಗ ರೋಗ ಯಾರಿಗೂ ಇಲ್ಲ. ಸಮುದ್ರಕ್ಕ ಹೋಗೂದೋ, ಸಿನಿಮಾಕ್ಕೋ ಅಂತ ಕೇಳಾಕತ್ತೈತಿ."

ಮಾಯಾ ಚಹಾ ಮಾಡಿಕೊಟ್ಟಳು, ನಾದಿನಿಯನ್ನು ಬಸ್ಸು ಹತ್ತಿಸಿ ಬಂದಳು. ಕುಬೇರ ಎದ್ದು ಕುಳಿತಿದ್ದ.

"ಸಮುದ್ರಕ್ಕ ಹೋಗೂದೋ, ಸಿನಿಮಾಕ್ಕೋ ಅಂತ ಕೇಳಿತ್ತಂತಲ್ರೀ."

ಅವನು ತಲೆ ತಗ್ಗಿಸಿದ. "ನೇರ ಕೇಳಿದ್ದರ ಉತ್ತರ ಕೊಡ್ತಿದ್ದೇನು?"

"ಇಲ್ಲ."

"ಇಪ್ಪತ್ಮೂರು ವರ್ಷದಾಕಿ ನೀ. ಮಷಿನ್ನಿಗೆ ಕೈ ಕೊಟ್ಟು ಮಲಗಿದಾಗ ನನಗ ಅದೊಂದ ಚಿಂತಿ."

"ಹಂಗಾರ ಈಗ ಕೇಳ್ರಿ. ಕಂಪ್ಯೂಟರ್ ಬ್ಯಾಡ. ನನ್ನ ಮಾರಿ ನೋಡಿ ಕೇಳ್ರಿ."

ಕುಬೇರ ತಲೆ ಎತ್ತಿದ. ಅವಳ ಮುಖ ನೋಡಿ ಕೇಳಿದ. "ನಾ ಹೋದ ಮ್ಯಾಲೆ... ಉಡಿಕಿ ಆಗತೀ ಹೌದಲ್ಲೋ?"

ಮಾಯಾ ಕೂಸನ್ನು ಅವನ ತೊಡೆಯ ಮೇಲೆ ಇಟ್ಟಳು.

"ಆಗತೇನಿ."

ಬೇಡಿದ ಉತ್ತರವೇ ಸಿಕ್ಕಿತ್ತು. ಕೂಸಿನ ನೆತ್ತಿಗೆ ಮುಖವಿಟ್ಟು ಕುಬೇರ ಅಳತೊಡಗಿದ. ಮಾಯಾ ತಡೆಯಲಿಲ್ಲ.