ಸೀಟಿನ ಹೊಲಿಗೆ ನೋಡಿ ಒಪ್ಪಿದ ಟಾರ್ಚಕ್ಕ

ಬೆಳಗಿನ ಜಾವ ಐದು ಗಂಟೆ. ಬಸ್ ಡಿಪೋದ ತೊಳೆಯುವ ಕಟ್ಟೆಗೆ ಅಂದಿನ ನಾಲ್ಕನೇ ಬಸ್ಸು ಬಂದು ನಿಂತಿದೆ. ಒಳಗೆ ಕೊನೆಯ ಸಾಲಿನಲ್ಲಿ ಹೆಂಗಸೊಬ್ಬರು ಮೊಣಕಾಲೂರಿ, ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ. ಬಸ್ಸು ಈಗಾಗಲೇ ಒಮ್ಮೆ ಗುಡಿಸಿದ್ದು. ಗುಡಿಸಿದವರು ಯಾರು ಎಂದರೆ ಅವರೇ. ತಮ್ಮ ಕೈಯ ಕೆಲಸವನ್ನೇ ನಂಬದ ಇಂಥವರು ಇನ್ನೊಬ್ಬರನ್ನು ನಂಬುತ್ತಾರೆಯೇ?

"ಮುಂದಿನ ನಾಲ್ಕು ಸಾಲು ಯಾರು ಬೇಕಾದ್ರೂ ಚೆನ್ನಾಗಿ ತೊಳೀತಾರೆ. ಸೂಪರ್‌ವೈಸರ್ ಹತ್ತಿ ನೋಡೋದೇ ಅಷ್ಟು. ನಿಜ ಬೇಕು ಅಂದ್ರೆ ಹಿಂದಕ್ಕೆ ಬರ್ಬೇಕು," ಎನ್ನುತ್ತಾರೆ, ತಲೆ ಎತ್ತದೆ.

ಡಿಪೋದಲ್ಲಿ ಇವರಿಗೆ ಟಾರ್ಚಕ್ಕ ಎಂದು ಹೆಸರು. ಇಪ್ಪತ್ತಾರು ವರ್ಷದ ಕೆಲಸ. ದಿನಕ್ಕೆ ಹದಿನೆಂಟು ಬಸ್ಸು, ಬಸ್ಸಿಗೆ ಐವತ್ತೆರಡು ಸೀಟು, ಒಂದೊಂದು ಬಸ್ಸಿಗೆ ಇಪ್ಪತ್ತು ನಿಮಿಷ. ಫಿನಾಯಿಲಿನಿಂದ ಬೆರಳ ಸಂದು ಬಿಳಿಚಿಕೊಂಡಿದೆ, ಮೊಣಕಾಲು ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆಯನ್ನು ನಾವೆಲ್ಲ ಬಾಯಲ್ಲಿ ಹೇಳುತ್ತೇವೆ. ಟಾರ್ಚಕ್ಕ ಅದನ್ನು ಬದುಕುತ್ತಿದ್ದಾರೆ. ಇವರ ಅಳಿಯ ಹೆಣ್ಣು ನೋಡಲು ಬಂದ ದಿನ ಅವನ ಮಾತು ಕೇಳುವ ಬದಲು ಎದ್ದು ಹೋಗಿ ಬಾಗಿಲಲ್ಲಿ ಅವನ ಚಪ್ಪಲಿಯ ಅಡಿ ತಿರುಗಿಸಿ ನೋಡಿದ್ದರಂತೆ. "ಸವೆದಿತ್ತು. ದುಡಿಯೋ ಹುಡುಗ ಅಂತ ಒಪ್ಕೊಂಡೆ," ಎಂದು ನಗುತ್ತಾರೆ.

ಹೋದ ವರ್ಷ ಡಿಪೋದ ಟೈಂಕೀಪರ್ ಗಂಟಲ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ನೆನಪಿಗೆ ಡ್ರೈವರುಗಳು, ಮೆಕ್ಯಾನಿಕ್ಕುಗಳು ಸೇರಿ ಒಂದು ನಗೆನಾಟಕ ಆಡುವುದು, ಟಿಕೆಟ್ಟಿನ ಹಣವನ್ನೆಲ್ಲ ಕ್ಯಾನ್ಸರ್ ರೋಗಿಗಳಿಗಾಗಿ ದುಡಿಯುವ ಒಂದು ಸಣ್ಣ ಸಂಸ್ಥೆಗೆ ಕೊಡುವುದು ಎಂದು ತೀರ್ಮಾನವಾಯಿತು. ಯಾವ ಸಂಸ್ಥೆ? ಆ ಆಯ್ಕೆ ಟಾರ್ಚಕ್ಕನ ಕೊರಳಿಗೆ ಬಿತ್ತು. ಕಾರ್ಮಿಕ ಸಂಘದ ಕಾರ್ಯದರ್ಶಿ, "ನೀನು ಒಪ್ಪಿದ್ರೆ ಊರೇ ಒಪ್ಪಿದ ಹಾಗೆ ಕಣಕ್ಕ. ಆದ್ರೆ ಶನಿವಾರ ಪೋಸ್ಟರ್ ಅಚ್ಚಿಗೆ ಹೋಗುತ್ತೆ. ಅಷ್ಟರಲ್ಲಿ ಹೇಳದಿದ್ರೆ ದೊಡ್ಡ ರಸ್ತೆಯ ಆ ಸಂಸ್ಥೆ ಹೆಸರೇ ಹಾಕಿಸಿಬಿಡ್ತೀನಿ," ಎಂದರು.

ತಾನು ಹೋಗಿ ನೋಡದೆ ಯಾರ ಹೆಸರೂ ಬೇಡ ಎಂದರು ಟಾರ್ಚಕ್ಕ. ಅದಕ್ಕೆ ಕಾರಣವಿದೆ. ಹನ್ನೆರಡು ವರ್ಷದ ಹಿಂದೆ ಇವರ ತಂಗಿಗೆ ಇದೇ ಕಾಯಿಲೆ. ಯಾವುದೋ ಸಂಸ್ಥೆಯವರು ಮನೆಗೆ ಬಂದರು, ಕೈ ಬಿಡುವುದಿಲ್ಲ ಎಂದರು, ಕೂದಲುದುರಿದ ತಂಗಿಯ ಫೋಟೋ ತೆಗೆದುಕೊಂಡರು. ಆಮೇಲೆ ಪತ್ತೆಯಿಲ್ಲ. ತಂಗಿ ಹೋಗಿ ಎಂಟು ತಿಂಗಳಾದ ಮೇಲೆ ಔಷಧಿ ಅಂಗಡಿಯೊಂದರ ಕಟ್ಟೆಯ ಮೇಲೆ ಚಂದಾ ಡಬ್ಬಿ ಕಂಡಿತು. ಅದರ ಮೇಲೆ ಅದೇ ಫೋಟೋ. "ಡಬ್ಬಿ ಕಿತ್ಕೊಂಡೆ. ಅಂಗಡಿಯವನು ನನ್ನನ್ನೇ ಕಳ್ಳಿ ಅಂದ. ಸತ್ತವಳ ಮುಖ ಇಟ್ಕೊಂಡು ಬೇಡ್ತಿದ್ರಲ್ಲ, ಅವರು ಯಾರು ಹಾಗಾದ್ರೆ?" ಎಂದು ಟಾರ್ಚಕ್ಕ ಈಗಲೂ ಕೇಳುತ್ತಾರೆ. ಈ ಸಲ ಡಿಪೋದ ನೂರ ನಲವತ್ತು ಜನ ತಮ್ಮ ಮಾತು ನಂಬಿ ಮನೆಮನೆಗೆ ಟಿಕೆಟ್ ಮಾರುತ್ತಾರೆ. ತಪ್ಪಿದರೆ ಅವರೆಲ್ಲರನ್ನೂ ಆ ಡಬ್ಬಿಯವರ ಪಾಲು ಮಾಡಿದಂತೆ.

ಮೊದಲು ದೊಡ್ಡ ರಸ್ತೆಯ ಸಂಸ್ಥೆಗೇ ಹೋದರು. ಗಾಜಿನ ಬಾಗಿಲು, ತಂಪು ಗಾಳಿ, ಬೆಣ್ಣೆಯಂಥ ಮಾತು. ಅಂಗಳದಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ಬಿಳಿ ವ್ಯಾನು. ಟಾರ್ಚಕ್ಕ ಕಾಫಿ ಮುಟ್ಟದೆ ವ್ಯಾನಿನ ಹಿಂದಿನ ಸೀಟಿಗೆ ಟಾರ್ಚ್ ಬಿಟ್ಟರು. ಸೀಟಿಗೆ ಕಂಪನಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. ಕಿತ್ತುಹೋದ ಒಂದು ಮೂಲೆಯಲ್ಲಿ ಹೊಲಿಗೆ ಮದುಮಗಳ ರವಿಕೆಯಷ್ಟು ಹೊಸದು. "ಕೀಮೋ ಮಾಡಿಸಿಕೊಂಡವರು ಗಾಡಿ ಹತ್ತಿದ್ರೆ ವಾಂತಿ ಆಗೇ ಆಗುತ್ತೆ. ಸೀಟು ಒರೆಸಬಹುದು, ಹೊಲಿಗೆ ಸಂದಿಗೆ ಇಳಿದದ್ದು ಜನ್ಮದಲ್ಲಿ ಹೋಗಲ್ಲ. ಎರಡು ವರ್ಷದ ಗಾಡಿ ಅಂತೆ, ಒಬ್ಬರಿಗೂ ಹೊಟ್ಟೆ ತೊಳೆಸಿಲ್ವಂತೆ!" ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಹೊರಬಿದ್ದರು. ಎರಡನೆಯ ಸಂಸ್ಥೆಯಲ್ಲಿ ಅಧ್ಯಕ್ಷ, ಖಜಾಂಚಿ, ಫೋನೆತ್ತುವವ ಎಲ್ಲ ಒಬ್ಬನೇ. ಅಲ್ಲಿ ಟಾರ್ಚ್ ತೆಗೆಯುವ ಅಗತ್ಯವೂ ಬೀಳಲಿಲ್ಲ.

ಮೂರನೆಯದು ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಎರಡು ಕೋಣೆ. ನಿವೃತ್ತ ನರ್ಸೊಬ್ಬರು ನಡೆಸುವುದು, ಗಾಡಿ ಓಡಿಸುವುದು ಅವರ ಮೈದುನ. ಬಾಗಿಲಲ್ಲಿ ಅಡ್ಡ ನಿಂತದ್ದೂ ಅವನೇ. "ಒಳಗೆ ಇಬ್ರು ಮಲಗಿದಾರೆ. ತೋರ್ಸೋಕೆ ಇದೇನು ಪ್ರದರ್ಶನವೇನ್ರೀ? ಫೋಟೋನೂ ಇಲ್ಲ, ಏನೂ ಇಲ್ಲ, ಹೋಗಿ," ಎಂದ.

ಸಂಶಯದ ಹುಳಕ್ಕೆ ಇಷ್ಟು ಸಾಕಾಯಿತು. ಮುಚ್ಚಿಡುವವರು ಏನನ್ನೋ ಮುಚ್ಚಿಡುತ್ತಿರುತ್ತಾರೆ ಎಂಬುದು ಟಾರ್ಚಕ್ಕನ ಲೆಕ್ಕ. ಆದರೂ ಹೊರಗೆ ನಿಂತ ಹಳೆಯ ವ್ಯಾನನ್ನು ಬಿಡಲು ಮನಸ್ಸಾಗಲಿಲ್ಲ. ಕಿಟಕಿಯಿಂದ ಟಾರ್ಚ್ ಬಿಟ್ಟರು. ಹಿಂದಿನ ಸೀಟಿನ ಹೊಲಿಗೆಯುದ್ದಕ್ಕೂ ಹಳದಿ ಕಲೆ. ಸೀಟಿನ ಕಾಲಿಗೆ ದಾರದಲ್ಲಿ ಕಟ್ಟಿದ ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಹೊಲಿಗೆ ಸಂದಿಗೆ ಬ್ರಷ್ಷೇ ಬೇಕೆಂದು ತೊಳೆದವರಿಗಲ್ಲದೆ ಬೇರೆಯವರಿಗೆ ಗೊತ್ತಿರುವುದಿಲ್ಲ.

ನಂಬಿದರೇ? ಎಲ್ಲಿಯ ಮಾತು! ಗಾಡಿ ಬಾಡಿಗೆಯದಿರಬಹುದಲ್ಲ. ಮಗಳ ಮದುವೆಗೂ ಎರಡೇ ದಿನ ರಜೆ ಹಾಕಿದ್ದವರು ಈಗ ಮೂರು ದಿನ ರಜೆ ಹಾಕಿ ಆಸ್ಪತ್ರೆಯ ಗೇಟಿನಲ್ಲಿ ಕಾವಲು ನಿಂತರು. ಮೊದಲ ದಿನ ವ್ಯಾನಿನಿಂದ ಆರು ಜನ ಇಳಿದರು, ಮರುದಿನ ಏಳು. ಮೂರನೆಯ ದಿನ, ಶುಕ್ರವಾರ, ಬೂದು ಸೀರೆಯ ಹೆಂಗಸೊಬ್ಬರು ವ್ಯಾನಿನಿಂದ ಇಳಿದು ನೇರ ಟಾರ್ಚಕ್ಕನ ಕಡೆಗೇ ಬಂದರು. ಅವರೇ ಆ ನರ್ಸು. ಸಿಕ್ಕಿಬಿದ್ದೆ ಎಂದು ಟಾರ್ಚಕ್ಕ ಸೆರಗು ಬಿಗಿದುಕೊಂಡರು.

ನರ್ಸು ಮೆಲ್ಲಗೆ ಕೈ ಹಿಡಿದರು. "ಮೂರು ದಿನದಿಂದ ನೋಡ್ತಿದೀನಿ ತಾಯಿ, ಗೇಟಿನ ತನಕ ಬಂದು ವಾಪಸ್ ಹೋಗ್ತೀರಿ. ಒಳಗೆ ಹೋಗೋಕೆ ಭಯಾನಾ? ನಡೀರಿ, ನಾನೂ ಬರ್ತೀನಿ. ನಾಳೆಯಿಂದ ಗಾಡೀಲಿ ಕಿಟಕಿ ಪಕ್ಕ ಜಾಗ ಇಡ್ತೀನಿ."

ಹೆಸರು ಕೇಳಲಿಲ್ಲ, ಕಾಗದ ಕೇಳಲಿಲ್ಲ. "ನನ್ನ ತಂಗೀನೂ ಇಂಥದೇ ಗೇಟಿಂದ ಎರಡು ಸಲ ವಾಪಸ್ ಬಂದಿದ್ಲು. ಅವತ್ತು ಹೀಗೆ ಕೇಳೋರು ಒಬ್ರೂ ಇರಲಿಲ್ಲ," ಎನ್ನುತ್ತಾರೆ ಟಾರ್ಚಕ್ಕ. ಅಲ್ಲೇ ಗೋಡೆಗೆ ಒರಗಿ ಅತ್ತರಂತೆ. ಅಳು ಭಯದ್ದೇ ಎಂದುಕೊಂಡ ನರ್ಸು ನೀರು ತಂದುಕೊಟ್ಟರಂತೆ. ನಾಟಕದ ಹಣ, ಮೂರು ದಿನದ ಕಾವಲು ಎಲ್ಲವನ್ನೂ ಟಾರ್ಚಕ್ಕ ಹೇಳಿದ ಮೇಲೂ ನರ್ಸು ಸಿಟ್ಟಾಗಲಿಲ್ಲ, ಒಂದೇ ಷರತ್ತು ಹಾಕಿದರು: ವೇದಿಕೆಯ ಮೇಲೆ ಯಾವ ರೋಗಿಯನ್ನೂ ಕೂರಿಸಬಾರದು, ಯಾರ ಮುಖವೂ ಅಚ್ಚಾಗಬಾರದು. ಟಾರ್ಚಕ್ಕ ಅಲ್ಲಿಂದಲೇ ಕಾರ್ಯದರ್ಶಿಗೆ ಫೋನು ಮಾಡಿದರು.

ನಾಟಕ ಮುಗಿದು ನಾಲ್ಕು ತಿಂಗಳಾಯಿತು. ಈಗಲೂ ಪ್ರತಿ ಗುರುವಾರ, ಹದಿನೆಂಟನೇ ಬಸ್ಸು ತೊಳೆದ ಮೇಲೆ, ಟಾರ್ಚಕ್ಕ ಹೇಳದೆ ಕೇಳದೆ ಸೈಕಲ್ ಅಂಗಡಿಯ ಹಿಂದಕ್ಕೆ ಹೋಗುತ್ತಾರೆ. ವ್ಯಾನು ಆಸ್ಪತ್ರೆಗೆ ಹೋಗಿದ್ದರೆ ಸಮಾಧಾನ, ಬರುವ ತನಕ ಕಾದು ಹೊಲಿಗೆ ಉಜ್ಜಿಕೊಟ್ಟು ಬರುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಕೆಟ್ಟು ಕೆಳಗಿಡುತ್ತಾರೆ.

"ಒಂದು ಗುರುವಾರ ನಾನು ಹೋದಾಗ ಗಾಡಿ ಅಲ್ಲೇ ನಿಂತಿರಬೇಕು. ಯಾಕೆ ಅಂತ ಕೇಳಿದ್ರೆ, ಇವತ್ತು ಊರಲ್ಲಿ ರೋಗಿಗಳೇ ಇಲ್ಲ ಅನ್ಬೇಕು. ನಾನೇನು ಆ ಮಾತು ನಂಬಲ್ಲ ಬಿಡಿ, ಆಸ್ಪತ್ರೆಗೇ ಹೋಗಿ ನೋಡ್ತೀನಿ. ಆದ್ರೆ ದಾರಿಯುದ್ದಕ್ಕೂ ನಿಜ ಆಗಿರಲಪ್ಪಾ ಅಂತ ಬೇಡ್ಕೊಂಡೇ ಹೋಗ್ತೀನಿ."